ಶಕ್ತಿ ಟ್ರಾನ್ಸಿಸ್ಟರುಗಳ ಪ್ರವಾಹಮಿತಿ: ಒಂದು ವಿವೇಚನೆ

ಕಲ್ಕತ್ತದ ದಕ್ಷಿಣ ಭಾಗದಲ್ಲಿ ಗೋಲ್‌ಪಾರ್ಕಿನಿಂದ ಪಶ್ಚಿಮಾಭಿಮುಖವಾಗಿ, ರವೀಂದ್ರ ಸರೋವರದ ಬಡಗಣ ಅಂಚಿನಲ್ಲಿ ಸಾಗುವ ಸದರ್ನ್ ಅವೆನ್ಯೂವಿಗೆ ಅಧಿಕೃತವಾಗಿ ಡಾಕ್ಟರ್ ಮೇಘನಾದ ಸಹಾ ಸರಣಿಯೆಂದು ಹೆಸರು. 1970 ಮತ್ತು 1980ರ ದಶಕಗಳ ‘ಲೋಡ್ ಶೆಡಿಂಗ್’ ಕಾಲವನ್ನು ಈ ನಗರದಲ್ಲಿ ಕಂಡವರಿಗೆ, ಬ್ಯಾಟರಿಯ ಪಕ್ಕದಲ್ಲಿ ಕುಳಿತು ಗುಂಯ್‌ಗುಡುವ ಇನ್‌ವರ್ಟರ್ ಪೆಟ್ಟಿಗೆ ಅಪರಿಚಿತವಲ್ಲ. ಬ್ಯಾಟರಿಯ 12 ವೋಲ್ಟಿನ ನೇರ ಪ್ರವಾಹವನ್ನು ಮನೆಯ ದೀಪ, ಫ್ಯಾನುಗಳಿಗೆ ಬೇಕಾದ ಪರ್ಯಾಯ ಪ್ರವಾಹವಾಗಿ ಮಾರ್ಪಡಿಸುವ ಆ ಪೆಟ್ಟಿಗೆಯಲ್ಲಿ ನಿಜವಾದ ದುಡಿಮೆಗಾರ ಶಕ್ತಿ ಟ್ರಾನ್ಸಿಸ್ಟರು. ಪೆಟ್ಟಿಗೆ ಕೆಟ್ಟಿತೆಂದರೆ ಬಹುಮಟ್ಟಿಗೆ ಸುಟ್ಟಿರುವುದೂ ಅದೇ.

ಅಂಥ ಸಂದರ್ಭದಲ್ಲಿ ಒಂದು ದೂರು ಮತ್ತೆ ಮತ್ತೆ ಕೇಳಿಬರುತ್ತದೆ. ಚಾಂದನಿ ಚೌಕದ ಅಂಗಡಿಯಲ್ಲಿ ‘ಹದಿನೈದು ಆಂಪಿಯರಿನದು’ ಎಂದು ಹೇಳಿಸಿಕೊಂಡು ತಂದ ಟ್ರಾನ್ಸಿಸ್ಟರು ಐದು ಆಂಪಿಯರಿಗೇ ಸುಟ್ಟುಹೋಯಿತು. ಆದುದರಿಂದ ಅದು ನಕಲಿ ಮಾಲು, ಮಾರಿದವನು ವಂಚಕ. ಪೇಟೆಯಲ್ಲಿ ನಕಲಿ ಮಾಲು ಇಲ್ಲವೆಂದಲ್ಲ. ಆದರೆ ಅಪ್ಪಟ ಮಾಲೂ ಹೀಗೆಯೇ ಸುಡಬಲ್ಲುದು. ಮಾರಿದವನೂ ಮೋಸ ಮಾಡಿಲ್ಲ, ತಯಾರಿಸಿದವನೂ ಸುಳ್ಳು ಹೇಳಿಲ್ಲ. ಕೊಂಡವನು ಒಂದು ಅಂಕೆಯನ್ನು ಅದರ ಷರತ್ತುಗಳಿಂದ ಕಿತ್ತು ಓದಿದ್ದಾನೆ. ಪ್ರವಾಹಮಿತಿಯೆಂಬ ಆ ಅಂಕೆ ಎಲ್ಲಿಂದ ಹುಟ್ಟುತ್ತದೆ, ಅದನ್ನು ಹೆಚ್ಚಿಸಲು ಹೊರಟ ವಿನ್ಯಾಸಕನು ಪ್ರತಿಯಾಗಿ ಏನನ್ನು ತೆರಬೇಕಾಗುತ್ತದೆ ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

1. ಅಂಕೆಯ ಅರ್ಥ

ಉದಾಹರಣೆಗೆ 2ಎನ್3055 ಎಂಬ ಪ್ರಸಿದ್ಧ ಟ್ರಾನ್ಸಿಸ್ಟರನ್ನು ತೆಗೆದುಕೊಳ್ಳಬಹುದು. ಅಮೆರಿಕದ ಆರ್.ಸಿ.ಎ. ಸಂಸ್ಥೆಯು 1960ರ ದಶಕದಲ್ಲಿ ಬಳಕೆಗೆ ತಂದ ಈ ಸಿಲಿಕಾನ್ ಟ್ರಾನ್ಸಿಸ್ಟರು, ಎರಡು ಮೊಳೆರಂಧ್ರಗಳುಳ್ಳ ಲೋಹದ ಕವಚದಲ್ಲಿ ದೊರೆಯುತ್ತದೆ. ಹಳೆಯ ಸ್ಟೆಬಿಲೈಸರುಗಳನ್ನೂ ಇನ್‌ವರ್ಟರುಗಳನ್ನೂ ಬಿಚ್ಚಿ ನೋಡಿದವರು ಇದನ್ನು ಕಂಡೇ ಇರುತ್ತಾರೆ. ಇದರ ವಿವರಪಟ್ಟಿಯಲ್ಲಿ ಮುಖ್ಯವಾಗಿ ಮೂರು ಅಂಕೆಗಳಿವೆ: 15 ಆಂಪಿಯರ್, 60 ವೋಲ್ಟ್, 115 ವಾಟ್. 15ನ್ನು 60ರಿಂದ ಗುಣಿಸಿದರೆ 900 ವಾಟಾಗುತ್ತದೆ. ಪಟ್ಟಿಯಲ್ಲಿರುವುದು ಕೇವಲ 115. ಈ ಮೂರೂ ಒಟ್ಟಿಗೆ ಸಾಧ್ಯವಾಗುವ ಅಂಕೆಗಳಲ್ಲವೆಂಬುದು ಇಷ್ಟರಿಂದಲೇ ತಿಳಿಯುತ್ತದೆ. ಇವು ಮೂರು ಬೇರೆ ಬೇರೆ ಗೋಡೆಗಳು. ಯಾವ ಗೋಡೆ ಮೊದಲು ಎದುರಾಗುವುದೋ ಅಲ್ಲಿಯೇ ನಿಲ್ಲಬೇಕು.

ಇಷ್ಟೇ ಅಲ್ಲ. 115 ವಾಟೆಂಬುದಕ್ಕೂ ಒಂದು ಷರತ್ತಿದೆ: ಲೋಹದ ಕವಚದ ಉಷ್ಣತೆಯು 25 ಡಿಗ್ರಿಯಲ್ಲಿಯೇ ಇರತಕ್ಕದ್ದು. ಸುತ್ತಲಿನ ಗಾಳಿಯೇ 40 ಡಿಗ್ರಿಗೆ ಏರುವ ವೈಶಾಖ ಮಾಸದ ಕಲ್ಕತ್ತದಲ್ಲಿ, ದುಡಿಯುತ್ತಿರುವ ಟ್ರಾನ್ಸಿಸ್ಟರಿನ ಕವಚವನ್ನು 25 ಡಿಗ್ರಿಯಲ್ಲಿ ಹಿಡಿದಿಡುವುದು ಆಗದ ಮಾತು.

2. ಉಷ್ಣದ ಲೆಕ್ಕ

ಪ್ರವಾಹವು ಟ್ರಾನ್ಸಿಸ್ಟರಿನಲ್ಲಿ ಹರಿಯುವಾಗ ಅದರ ಎರಡು ತುದಿಗಳ ನಡುವೆ ಅಷ್ಟಿಷ್ಟು ವೋಲ್ಟೇಜು ನಷ್ಟವಾಗುತ್ತದೆ. ಆ ನಷ್ಟವನ್ನು ಪ್ರವಾಹದಿಂದ ಗುಣಿಸಿದರೆ ಬರುವ ವಾಟುಗಳು ಉಷ್ಣವಾಗಿ ಪರಿಣಮಿಸುತ್ತವೆ. ಈ ಉಷ್ಣದ ಹರಿವನ್ನು ನಮ್ಮ ನಾಡಿನ ಕೆರೆಯ ದೃಷ್ಟಾಂತದಿಂದ ತಿಳಿಯಬಹುದು. ಕೆರೆಗೆ ಒಂದೇ ಸಮನೆ ನೀರು ಬರುತ್ತಿದೆ; ಹೊರಗೆ ಹೋಗಲು ಒಂದು ತೂಬು ಮಾತ್ರ ಇದೆ. ತೂಬು ಕಿರಿದಾದಷ್ಟೂ ಕೆರೆಯ ಮಟ್ಟ ಏರುತ್ತದೆ. ಏರಿದ ಮಟ್ಟದ ಒತ್ತಡದಿಂದ, ಬರುವಷ್ಟೇ ನೀರು ಹೋಗುವ ಸ್ಥಿತಿ ಬಂದಾಗ ಏರಿಕೆ ನಿಲ್ಲುತ್ತದೆ. ಅಷ್ಟರೊಳಗೆ ಏರಿಯ ಎತ್ತರವನ್ನು ಮೀರಿದರೆ ಕೆರೆ ಒಡೆಯುತ್ತದೆ. ಇಲ್ಲಿ ನೀರಿನ ಮಟ್ಟವೇ ಉಷ್ಣತೆ, ತೂಬಿನ ಇಕ್ಕಟ್ಟೇ ಉಷ್ಣರೋಧ, ಏರಿಯ ಎತ್ತರವೇ ಸಿಲಿಕಾನ್ ತುಣುಕು ತಾಳಬಲ್ಲ ಪರಮಾವಧಿ ಉಷ್ಣತೆ.

2ಎನ್3055ರಲ್ಲಿ ಈ ಪರಮಾವಧಿ 200 ಡಿಗ್ರಿ. ಸಿಲಿಕಾನಿನಿಂದ ಕವಚದವರೆಗಿನ ಉಷ್ಣರೋಧ ಪ್ರತಿ ವಾಟಿಗೆ 1.52 ಡಿಗ್ರಿ. 25 ಡಿಗ್ರಿಯಿಂದ 200ಕ್ಕೆ 175 ಡಿಗ್ರಿಗಳ ಅಂತರ, ಅದನ್ನು 1.52ರಿಂದ ಭಾಗಿಸಿದರೆ 115 ವಾಟು ಬರುತ್ತದೆ. ಪಟ್ಟಿಯ ಅಂಕೆ ಹುಟ್ಟುವುದು ಹೀಗೆ. ಅದು ಪ್ರಯೋಗಶಾಲೆಯ ಅಂಕೆಯೇ ಹೊರತು ಮನೆಯ ಅಂಕೆಯಲ್ಲ.

ಈಗ ಮನೆಯ ಲೆಕ್ಕವನ್ನು ನೋಡಬೇಕು. ಕವಚಕ್ಕೂ ಹೀಟ್ ಸಿಂಕ್ ಎಂಬ ಅಲ್ಯೂಮಿನಿಯಂ ರೆಕ್ಕೆಗಳ ಫಲಕಕ್ಕೂ ನಡುವೆ ಇಡುವ ಅಭ್ರಕದ ಹಾಳೆಗೆ ಸುಮಾರು ಅರ್ಧ ಡಿಗ್ರಿ, ಸಾಧಾರಣ ಗಾತ್ರದ ಫಲಕಕ್ಕೆ 2 ಡಿಗ್ರಿ ಎಂದಿಟ್ಟುಕೊಂಡರೆ ಒಟ್ಟು ಉಷ್ಣರೋಧ ಪ್ರತಿ ವಾಟಿಗೆ ಸುಮಾರು 4 ಡಿಗ್ರಿ. ಗಾಳಿಯ ಉಷ್ಣತೆ 40 ಡಿಗ್ರಿ. ದೀರ್ಘಕಾಲ ಬಾಳಬೇಕೆಂದು ಸಿಲಿಕಾನಿನ ಉಷ್ಣತೆಯನ್ನು 200ರ ಬದಲು 150 ಡಿಗ್ರಿಗೇ ನಿಲ್ಲಿಸಿದರೆ ಉಳಿಯುವ ಅಂತರ 110 ಡಿಗ್ರಿ. ಅದನ್ನು 4ರಿಂದ ಭಾಗಿಸಿದರೆ 27 ವಾಟು. ಇದೇ ಟ್ರಾನ್ಸಿಸ್ಟರು ಒಂದು ಸ್ಟೆಬಿಲೈಸರಿನಲ್ಲಿ 15 ವೋಲ್ಟನ್ನು ತಾನೇ ನುಂಗಿಕೊಂಡು ಕೆಲಸ ಮಾಡಬೇಕಾದರೆ, ಅದು ಹೊರಬಹುದಾದ ಪ್ರವಾಹ ಎರಡು ಆಂಪಿಯರಿಗಿಂತಲೂ ಕಡಮೆ! ಹದಿನೈದು ಆಂಪಿಯರಿನ ಟ್ರಾನ್ಸಿಸ್ಟರು ಐದು ಆಂಪಿಯರಿಗೆ ಸುಟ್ಟುದು ಆಶ್ಚರ್ಯವಲ್ಲ. ಐದರವರೆಗೆ ಒಂದಿಷ್ಟು ಹೊತ್ತಾದರೂ ತಾಳಿದುದೇ ಆಶ್ಚರ್ಯ.

3. ಸಹಾ ಸೂತ್ರದ ನೆರಳು

ಉಷ್ಣತೆಗೆ ಮಿತಿಯೇಕೆ ಇರಬೇಕು? ಸಿಲಿಕಾನು ಕರಗುವುದು 1414 ಡಿಗ್ರಿಯಲ್ಲಿ. 200 ಡಿಗ್ರಿ ಅದಕ್ಕೆ ಲೆಕ್ಕವೇ ಅಲ್ಲ. ಇದಕ್ಕೆ ಉತ್ತರ, ಸದರ್ನ್ ಅವೆನ್ಯೂ ಹೊತ್ತಿರುವ ಹೆಸರಿಗೆ ಹತ್ತಿರವಾಗಿದೆ. ಮೇಘನಾದ ಸಹಾ ಅವರು 1920ರಲ್ಲಿ ಪ್ರಕಟಿಸಿದ ಅಯಾನೀಕರಣ ಸಿದ್ಧಾಂತವು, ನಕ್ಷತ್ರದ ಬಿಸಿಯಲ್ಲಿ ಪರಮಾಣುಗಳಿಂದ ಎಷ್ಟು ಎಲೆಕ್ಟ್ರಾನುಗಳು ಬಿಡಿಸಿಕೊಳ್ಳುತ್ತವೆ ಎಂಬುದನ್ನು ಉಷ್ಣತೆಗೆ ಸಂಬಂಧಿಸಿತು. ಅರೆವಾಹಕದೊಳಗೆ ಬಿಸಿಯಿಂದಲೇ ಬಿಡಿಸಿಕೊಳ್ಳುವ ಎಲೆಕ್ಟ್ರಾನುಗಳ ಲೆಕ್ಕವೂ ಗಣಿತರೂಪದಲ್ಲಿ ಅದೇ ಬಗೆಯದು: ಉಷ್ಣತೆಯು ಕ್ರಮವಾಗಿ ಏರಿದರೆ, ಬಿಡಿ ಎಲೆಕ್ಟ್ರಾನುಗಳ ಸಂಖ್ಯೆ ಗುಣೋತ್ತರವಾಗಿ ಏರುತ್ತದೆ. ಸ್ಥೂಲವಾಗಿ ಹೇಳುವುದಾದರೆ, ಪ್ರತಿ 10 ಡಿಗ್ರಿಗೆ ಸೋರಿಕೆಯ ಪ್ರವಾಹ ಇಮ್ಮಡಿಯಾಗುತ್ತದೆ. ಒಂದು ಹಂತದ ಮೇಲೆ ಟ್ರಾನ್ಸಿಸ್ಟರು ಹೊರಗಿನ ಆಜ್ಞೆಗೆ ಕಿವಿಗೊಡುವುದಿಲ್ಲ: ತನ್ನ ಬಿಸಿಯಿಂದ ತಾನೇ ಪ್ರವಾಹವನ್ನು ಹೆಚ್ಚಿಸಿಕೊಂಡು, ಆ ಪ್ರವಾಹದಿಂದ ಮತ್ತಷ್ಟು ಬಿಸಿಯಾಗಿ ನಾಶವಾಗುತ್ತದೆ.

ಮೊದಲ ಪೀಳಿಗೆಯ ಜರ್ಮೇನಿಯಂ ಟ್ರಾನ್ಸಿಸ್ಟರುಗಳು 100 ಡಿಗ್ರಿಯ ಆಸುಪಾಸಿನಲ್ಲಿಯೇ ಈ ಸ್ಥಿತಿಗೆ ಬರುತ್ತಿದ್ದವು. ಬೆಂಗಳೂರಿನ ಜಾಲಹಳ್ಳಿಯಲ್ಲಿ 1954ರಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು 1962ರಲ್ಲಿ ತಯಾರಿಸಲು ತೊಡಗಿದುದು ಈ ಜರ್ಮೇನಿಯಂ ಜಾತಿಯನ್ನೇ. ಎಲೆಕ್ಟ್ರಾನನ್ನು ಬಿಡಿಸಲು ಹೆಚ್ಚು ಶಕ್ತಿ ಬೇಡುವ ಸಿಲಿಕಾನು ಆ ಸ್ಥಾನಕ್ಕೆ ಬಂದುದು, ನಮ್ಮಂಥ ಉಷ್ಣದೇಶಗಳಿಗೆ ವಿಶೇಷ ಉಪಕಾರವಾಯಿತು.

4. ಪ್ರವಾಹದ ಹಂಚಿಕೆ

ಇನ್‌ವರ್ಟರಿನಲ್ಲಿ ಟ್ರಾನ್ಸಿಸ್ಟರು ವೋಲ್ಟೇಜನ್ನು ನುಂಗಿಕೊಂಡು ಕೂರುವುದಿಲ್ಲ; ಸ್ವಿಚ್ಚಿನಂತೆ ಪೂರ್ತಿ ತೆರೆಯುತ್ತದೆ ಅಥವಾ ಪೂರ್ತಿ ಮುಚ್ಚುತ್ತದೆ. ಆದುದರಿಂದ ಉಷ್ಣ ಕಡಮೆ. ಆದರೆ ಇಲ್ಲಿ ಬೇರೊಂದು ಗೋಡೆ ಎದುರಾಗುತ್ತದೆ. 300 ವಾಟಿನ ಹೊರೆಯನ್ನು ನಡೆಸುವ ಇನ್‌ವರ್ಟರು, ಶೇಕಡ 80ರಷ್ಟು ದಕ್ಷತೆಯಿದ್ದರೆ, 12 ವೋಲ್ಟಿನ ಬ್ಯಾಟರಿಯಿಂದ ಸುಮಾರು 31 ಆಂಪಿಯರನ್ನು ಎಳೆಯುತ್ತದೆ. ಎರಡು ತಂಡಗಳ ಟ್ರಾನ್ಸಿಸ್ಟರುಗಳು ಸರದಿಯಂತೆ ಈ ಪ್ರವಾಹವನ್ನು ಹೊರುತ್ತವೆ. ತಂಡಕ್ಕೆ ಎಷ್ಟು ಟ್ರಾನ್ಸಿಸ್ಟರುಗಳು ಬೇಕು?

15 ಆಂಪಿಯರನ್ನು ನಂಬಿದವನು ಎರಡು, ಹೆಚ್ಚೆಂದರೆ ಮೂರು ಎನ್ನುವನು. ವಿವರಪಟ್ಟಿಯನ್ನು ಪೂರ್ತಿ ಓದಿದವನು ಹಾಗೆನ್ನಲಾರ. 2ಎನ್3055ರಲ್ಲಿ 10 ಆಂಪಿಯರು ಹರಿಯುವಾಗ ನಷ್ಟವಾಗುವ ವೋಲ್ಟೇಜು 3ರವರೆಗೆ ಹೋಗಬಹುದು. ಅದನ್ನು ಆ ಸ್ಥಿತಿಯಲ್ಲಿ ತೆರೆದಿಡಲು ಅದರ ಬೇಸ್ ಎಂಬ ಆಜ್ಞಾತುದಿಗೆ 3.3 ಆಂಪಿಯರನ್ನು ಕೊಡಬೇಕು. ಬ್ಯಾಟರಿಯ 12 ವೋಲ್ಟಿನಲ್ಲಿ ನಾಲ್ಕನೆಯ ಒಂದು ಪಾಲು ಅಲ್ಲಿಯೇ ಹೋಯಿತು. ಅದೇ ಟ್ರಾನ್ಸಿಸ್ಟರನ್ನು 4 ಆಂಪಿಯರಿನಲ್ಲಿ ದುಡಿಸಿದರೆ ನಷ್ಟ ಹೆಚ್ಚೆಂದರೆ 1.1 ವೋಲ್ಟ್, ಬೇಸಿಗೆ ಬೇಕಾದುದು 0.4 ಆಂಪಿಯರ್ ಮಾತ್ರ. ಆದುದರಿಂದ ವಿವೇಕಿಯಾದ ವಿನ್ಯಾಸಕನು ತಂಡಕ್ಕೆ ಎಂಟರಂತೆ ಹದಿನಾರು ಟ್ರಾನ್ಸಿಸ್ಟರುಗಳನ್ನು ಹಾಕುವನು. ಮೊದಲಿನ ಹಣ ಹೆಚ್ಚು. ಪ್ರತಿ ರಾತ್ರಿಯ ಬ್ಯಾಟರಿಯ ನಷ್ಟ ಕಡಮೆ. ಅಗ್ಗದ ಪೆಟ್ಟಿಗೆಗೂ ಒಳ್ಳೆಯ ಪೆಟ್ಟಿಗೆಗೂ ಅಂತರವಿದ್ದುದು ಬಹುತೇಕ ಈ ಲೆಕ್ಕದಲ್ಲಿಯೇ.

ಎಂಟು ಟ್ರಾನ್ಸಿಸ್ಟರುಗಳನ್ನು ಸೇರಿಸಿದೊಡನೆ ಅವು ಅಣ್ಣತಮ್ಮಂದಿರಂತೆ ಸಮಪಾಲು ಹೊರುವುದಿಲ್ಲ. ಈ ಜಾತಿಯ ಟ್ರಾನ್ಸಿಸ್ಟರು ಬಿಸಿಯಾದಷ್ಟೂ ಹೆಚ್ಚು ಪ್ರವಾಹವನ್ನು ಎಳೆದುಕೊಳ್ಳುವ ಸ್ವಭಾವದ್ದು. ಎಂಟರಲ್ಲಿ ಒಂದು ತುಸು ಹೆಚ್ಚು ಬಿಸಿಯಾದರೆ ಉಳಿದವುಗಳ ಹೊರೆಯೂ ಅದರ ಮೇಲೆಯೇ ಬೀಳುತ್ತದೆ. ಅದು ಸುಟ್ಟ ಮೇಲೆ ಇನ್ನೊಂದರ ಸರದಿ. ಇದನ್ನು ತಡೆಯಲು ಪ್ರತಿಯೊಂದಕ್ಕೂ 0.1 ಓಮಿನಂಥ ಸಣ್ಣ ನಿರೋಧವನ್ನು ಜೋಡಿಸುವರು. 4 ಆಂಪಿಯರಿಗೆ ಅದು 0.4 ವೋಲ್ಟನ್ನು ತಿನ್ನುತ್ತದೆ. ನ್ಯಾಯವಾದ ಹಂಚಿಕೆಗೆ ತೆತ್ತ ಬೆಲೆ ಅದು.

ಒಂದೇ ಟ್ರಾನ್ಸಿಸ್ಟರಿನ ಒಳಗೂ ಇದೇ ಅನ್ಯಾಯ ನಡೆಯುತ್ತದೆ. ವೋಲ್ಟೇಜು ಹೆಚ್ಚಿದ್ದಾಗ ಪ್ರವಾಹವೆಲ್ಲ ತುಣುಕಿನ ಒಂದು ಮೂಲೆಗೆ ಕೂಡಿಕೊಂಡು, ಒಟ್ಟು ವಾಟುಗಳು ಮಿತಿಯೊಳಗಿದ್ದರೂ ಆ ಒಂದು ಬಿಂದು ಕರಗಿಹೋಗಬಹುದು. ಇದಕ್ಕೆ ದ್ವಿತೀಯ ಭಂಗವೆಂದು ಹೆಸರು. ವಿವರಪಟ್ಟಿಯಲ್ಲಿ ‘ಸುರಕ್ಷಿತ ಕಾರ್ಯಕ್ಷೇತ್ರ’ವೆಂದು ಒಂದು ನಕ್ಷೆಯನ್ನು ಕೊಟ್ಟಿರುವುದು ಈ ಕಾರಣಕ್ಕಾಗಿ. ಅಂಕೆಗಳನ್ನು ಓದಿ ನಕ್ಷೆಯನ್ನು ಬಿಟ್ಟವನು ಅರ್ಧ ಓದಿದಂತೆ.

5. ತಂತಿಯ ಮಿತಿ

ಮುಂದೆ ಬಂದ ಮಾಸ್‌ಫೆಟ್ ಎಂಬ ಜಾತಿಯು ಈ ತೊಡಕುಗಳಲ್ಲಿ ಹಲವನ್ನು ಬಗೆಹರಿಸಿತು. ಅದರ ಆಜ್ಞಾತುದಿಯಾದ ಗೇಟಿಗೆ ನಿರಂತರ ಪ್ರವಾಹ ಬೇಡ. ವೋಲ್ಟೇಜು ಇದ್ದರೆ ಸಾಕು. ಪೂರ್ತಿ ತೆರೆದಾಗ ಅದು ಒಂದು ಸಣ್ಣ ನಿರೋಧದಂತೆ ವರ್ತಿಸುತ್ತದೆ. ಬಿಸಿಯಾದರೆ ಆ ನಿರೋಧ ಏರುವುದರಿಂದ, ಜೊತೆಗೂಡಿಸಿದಾಗ ಬಿಸಿಯಾದುದು ತಾನೇ ಹಿಂಜರಿದು ಹೊರೆಯನ್ನು ಇತರವುಗಳಿಗೆ ಬಿಟ್ಟುಕೊಡುತ್ತದೆ. 55 ವೋಲ್ಟಿನ ಐ.ಆರ್.ಎಫ್.ಜೆಡ್. 44ಎನ್ ಎಂಬುದರ ನಿರೋಧ 0.0175 ಓಮ್. ಮೇಲಿನ ಇನ್‌ವರ್ಟರಿಗೆ ತಂಡಕ್ಕೆ ಇಂಥ ಎರಡು ಹಾಕಿದರೂ, ಬಿಸಿಯಾದ ಸ್ಥಿತಿಯಲ್ಲಿ ಸಹ ನಷ್ಟ ಅರ್ಧ ವೋಲ್ಟಿನೊಳಗೆ. ಹದಿನಾರು ಆಳುಗಳ ಕೆಲಸಕ್ಕೆ ನಾಲ್ಕು ಆಳು ಸಾಕಾದಂತಾಯಿತು.

ಆದರೆ ಅಂಕೆಯ ಮೋಹ ಇಲ್ಲಿಯೂ ಬಿಡಲಿಲ್ಲ. ಅದೇ ಮನೆತನದ ಐ.ಆರ್.ಎಫ್. 3205ರ ಪಟ್ಟಿಯಲ್ಲಿ 110 ಆಂಪಿಯರ್ ಎಂದಿದೆ. ಹೆಬ್ಬೆರಳಿನ ಉಗುರಿನಷ್ಟು ಅಗಲದ ಕವಚ, ತೆಳು ಕಾಲುಗಳು. ಅದರಲ್ಲಿ 110 ಆಂಪಿಯರೆ? ಅಂಕೆ ಹುಟ್ಟಿದ ಬಗೆ ಹೀಗೆ: ಪರಮಾವಧಿ 175 ಡಿಗ್ರಿ, ಕವಚ 25 ಡಿಗ್ರಿ, ಉಷ್ಣರೋಧ 0.75, ಆದುದರಿಂದ 200 ವಾಟ್. ತಣ್ಣಗಿರುವಾಗಿನ ನಿರೋಧ 0.008 ಓಮ್, ಪರಮಾವಧಿ ಬಿಸಿಯಲ್ಲಿ ಸುಮಾರು ಅದರ ಇಮ್ಮಡಿ. ಯಾವ ಪ್ರವಾಹದ ವರ್ಗವನ್ನು ಈ ನಿರೋಧದಿಂದ ಗುಣಿಸಿದರೆ 200 ವಾಟಾಗುವುದೋ ಅದು 110 ಆಂಪಿಯರು. ಲೆಕ್ಕ ಸರಿಯಾಗಿದೆ. ಆದರೆ ಪಟ್ಟಿಯ ಅಡಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಇನ್ನೊಂದು ಮಾತಿದೆ: ಇದು ಗಣಿತದಿಂದ ಬಂದ ಅಂಕೆ, ಕವಚದ ಮಿತಿ 75 ಆಂಪಿಯರ್. ಸಿಲಿಕಾನು ತಾಳಿದರೂ ಅದನ್ನು ಕಾಲುಗಳಿಗೆ ಜೋಡಿಸುವ ಒಳತಂತಿ ತಾಳುವುದಿಲ್ಲವೆಂದು ಅರ್ಥ. ಕವಚದ ಉಷ್ಣತೆ 100 ಡಿಗ್ರಿಯಾದರೆ, ಗಣಿತದ ಅಂಕೆಯೇ 80ಕ್ಕೆ ಇಳಿಯುತ್ತದೆ.

ನಿರೋಧವನ್ನು ತಗ್ಗಿಸಲು ತುಣುಕನ್ನು ದೊಡ್ಡದು ಮಾಡಬೇಕು. ದೊಡ್ಡದಾದಷ್ಟೂ ಗೇಟಿಗೆ ತುಂಬಬೇಕಾದ ವಿದ್ಯುದಂಶ ಹೆಚ್ಚು: 44ಎನ್‌ಗೆ 63 ನ್ಯಾನೊಕೂಲಂ, 3205ಕ್ಕೆ 146. ಸೆಕೆಂಡಿಗೆ 50 ಸಲ ತೆರೆದು ಮುಚ್ಚುವ ಹಳೆಯ ಮಾದರಿಯ ಪೆಟ್ಟಿಗೆಯಲ್ಲಿ ಇದು ಗಣನೆಗೆ ಬಾರದು. ಶುದ್ಧ ಅಲೆಯನ್ನು ಕೊಡಲೆಂದು ಸೆಕೆಂಡಿಗೆ ಇಪ್ಪತ್ತು ಸಾವಿರ ಸಲ ತೆರೆದು ಮುಚ್ಚುವ ಹೊಸ ಮಾದರಿಯಲ್ಲಿ ಪ್ರತಿ ತೆರೆಮುಚ್ಚಿಗೂ ಸುಂಕ ತೆರಬೇಕು. ಹರಿಯುವಾಗಿನ ನಷ್ಟವನ್ನು ಇಳಿಸಿದರೆ ಬದಲಾಗುವಾಗಿನ ನಷ್ಟ ಏರುತ್ತದೆ.

6. ವೋಲ್ಟೇಜಿನ ಬೆಲೆ ಮತ್ತು ಜಾಲಹಳ್ಳಿಯ ಹುಡುಗ

ಮಾಸ್‌ಫೆಟ್‌ಗಳ ಮಹಿಮೆ ಕಡಮೆ ವೋಲ್ಟೇಜಿನಲ್ಲಿ. ವೋಲ್ಟೇಜನ್ನು ತಡೆಯಲು ಸಿಲಿಕಾನಿನೊಳಗೆ ದಪ್ಪವೂ ವಾಹಕತೆ ಕಡಮೆಯಾದುದೂ ಆದ ಒಂದು ಪದರ ಬೇಕು. ಮುಚ್ಚಿದಾಗ ರಕ್ಷಿಸುವ ಆ ಪದರವೇ ತೆರೆದಾಗ ಅಡ್ಡಿಯಾಗುತ್ತದೆ. ಸಾಂಪ್ರದಾಯಿಕ ರಚನೆಯಲ್ಲಿ ಈ ನಿರೋಧವು ವೋಲ್ಟೇಜಿನ ಎರಡೂವರೆ ಘಾತದಂತೆ ಏರುತ್ತದೆಂದು ಸಿದ್ಧಾಂತ. 55 ವೋಲ್ಟಿನದನ್ನು 550 ವೋಲ್ಟಿಗೆ ಏರಿಸಿದರೆ, ಅದೇ ಗಾತ್ರದ ತುಣುಕಿನ ನಿರೋಧ ಮುನ್ನೂರು ಪಟ್ಟಿಗೂ ಹೆಚ್ಚು. 0.008 ಓಮ್ ಇದ್ದುದು ಸುಮಾರು 2.5 ಓಮ್ ಆಗುತ್ತದೆ. 10 ಆಂಪಿಯರು ಹರಿದರೆ 250 ವಾಟು ಉಷ್ಣ. ಮೋಟಾರುಗಳನ್ನು ನಡೆಸುವ ಆಸೆಗೆ ಇದು ದೊಡ್ಡ ಅಡ್ಡಿಯಾಗಿತ್ತು.

ಈ ಅಡ್ಡಿಯನ್ನು ದಾಟಿದವರಲ್ಲಿ ಅಗ್ರಗಣ್ಯರು ಬಿ. ಜಯಂತ್ ಬಾಳಿಗ. 1948ರಲ್ಲಿ ಮದರಾಸಿನಲ್ಲಿ ಹುಟ್ಟಿ, ಬೆಂಗಳೂರಿನ ಜಾಲಹಳ್ಳಿಯಲ್ಲಿ ಬೆಳೆದು, ಬಿಷಪ್ ಕಾಟನ್ ಶಾಲೆಯಲ್ಲಿ ಓದಿ, 1969ರಲ್ಲಿ ಮದರಾಸಿನ ಐ.ಐ.ಟಿ.ಯಿಂದ ಪದವಿ ಪಡೆದ ಇವರು, ಅಮೆರಿಕದ ರೆನ್ಸೆಲರ್ ಸಂಸ್ಥೆಯಲ್ಲಿ ಡಾಕ್ಟರೇಟ್ ಪಡೆದು 1974ರಲ್ಲಿ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯನ್ನು ಸೇರಿದರು. ಗೇಟಿನಿಂದ ಆಜ್ಞೆಯನ್ನು ಪಡೆಯುವ ಮಾಸ್‌ಫೆಟ್ಟಿನ ಗುಣವನ್ನೂ, ದಪ್ಪ ಪದರದೊಳಕ್ಕೆ ಎರಡೂ ಬಗೆಯ ವಿದ್ಯುತ್ಕಣಗಳನ್ನು ತುಂಬಿ ಅದರ ನಿರೋಧವನ್ನು ಕುಗ್ಗಿಸುವ ಹಳೆಯ ಟ್ರಾನ್ಸಿಸ್ಟರಿನ ಗುಣವನ್ನೂ ಒಂದೇ ತುಣುಕಿನಲ್ಲಿ ಕೂಡಿಸಿದ ಸಾಧನವನ್ನು ಅವರು 1982ರಲ್ಲಿ ಪ್ರಕಟಿಸಿದರು. ಇದೇ ಇಂದು ಐ.ಜಿ.ಬಿ.ಟಿ. ಎನಿಸಿರುವುದು. ಅದೇ ಕಾಲದಲ್ಲಿ ಈ ದಿಕ್ಕಿನಲ್ಲಿ ನಡೆದ ಇತರರೂ ಇದ್ದರು. ಆದರೆ ಸಾಧನವು ಆಜ್ಞೆ ಮೀರಿ ತೆರೆದೇ ಉಳಿಯುವ ದೋಷವನ್ನು ನಿವಾರಿಸಿ ಅದನ್ನು ಬಳಕೆಗೆ ಯೋಗ್ಯವಾಗಿಸಿದ ಕೀರ್ತಿಯಲ್ಲಿ ಬಾಳಿಗರ ಪಾಲು ಹಿರಿದು. 2014ರಲ್ಲಿ ಐ.ಇ.ಇ.ಇ. ಸಂಸ್ಥೆಯ ಗೌರವ ಪದಕವೂ 2024ರಲ್ಲಿ ಫಿನ್ಲೆಂಡಿನ ಮಿಲೆನಿಯಂ ತಂತ್ರಜ್ಞಾನ ಪ್ರಶಸ್ತಿಯೂ ಅವರಿಗೆ ಸಂದುವು.

ಐ.ಜಿ.ಬಿ.ಟಿ.ಯಲ್ಲಿ 10 ಆಂಪಿಯರಿಗೆ ನಷ್ಟ ಸುಮಾರು 2 ವೋಲ್ಟ್, ಅಂದರೆ 20 ವಾಟ್. ಮೇಲಿನ 250ರೊಡನೆ ಹೋಲಿಸಿದರೆ ಲಾಭ ಸ್ಪಷ್ಟ. ಆದರೆ ಇದೂ ಪುಕ್ಕಟೆಯಲ್ಲ. ಪದರದೊಳಗೆ ತುಂಬಿದ ಕಣಗಳು, ಮುಚ್ಚೆಂದ ಕೂಡಲೆ ಮಾಯವಾಗುವುದಿಲ್ಲ. ಕ್ಷಣಕಾಲ ಬಾಲದಂತೆ ಪ್ರವಾಹ ಮುಂದುವರಿಯುತ್ತದೆ. ಬಾಳಿಗರು ತುಣುಕನ್ನು ಎಲೆಕ್ಟ್ರಾನುಗಳ ಕಿರಣಕ್ಕೆ ಒಡ್ಡಿ ಆ ಬಾಲವನ್ನು ಮೊಟಕುಗೊಳಿಸುವ ಉಪಾಯವನ್ನು ತೋರಿಸಿಕೊಟ್ಟರು. ಕಿರಣ ಹೆಚ್ಚಿದಷ್ಟೂ ವೇಗ ಹೆಚ್ಚು, ಜೊತೆಗೆ ಹರಿಯುವಾಗಿನ ನಷ್ಟವೂ ಹೆಚ್ಚು. ಯಾವ ಕೆಲಸಕ್ಕೆ ಯಾವ ವೇಗವೆಂದು ಆರಿಸುವ ಸ್ವಾತಂತ್ರ್ಯ ವಿನ್ಯಾಸಕನಿಗೆ ದೊರೆಯಿತು. ಆರಿಸದೆ ಇರುವ ಸ್ವಾತಂತ್ರ್ಯ ಮಾತ್ರ ದೊರೆಯಲಿಲ್ಲ. ಸಿಲಿಕಾನಿಗಿಂತ ಸುಮಾರು ಹತ್ತು ಪಟ್ಟು ವಿದ್ಯುತ್ ಕ್ಷೇತ್ರವನ್ನು ತಾಳುವ ಸಿಲಿಕಾನ್ ಕಾರ್ಬೈಡು ಇಂದು ಈ ಎಲ್ಲೆಯನ್ನು ಇನ್ನಷ್ಟು ದೂರಕ್ಕೆ ತಳ್ಳಿದೆ. ಆದರೆ ಬೆಲೆಯೆಂಬ ಗೋಡೆ ಅಲ್ಲಿ ಎದುರಾಗುತ್ತದೆ.

7. ನೆಲದಡಿಯ ನಿದರ್ಶನ

ಸದರ್ನ್ ಅವೆನ್ಯೂವಿನ ಪಡುವಣ ತುದಿಗೆ ಕಾಲ್ನಡಿಗೆಯ ದೂರದಲ್ಲಿರುವ ಕಾಲಿಘಾಟ್ ಮತ್ತು ರವೀಂದ್ರ ಸರೋವರ ನಿಲ್ದಾಣಗಳಿಗೆ ನೆಲದಡಿಯ ರೈಲು ಬಂದುದು 1986ರಲ್ಲಿ. ಮೂರನೆಯ ಹಳಿಯಿಂದ 750 ವೋಲ್ಟಿನ ನೇರ ಪ್ರವಾಹವನ್ನು ಪಡೆಯುವ ಆ ಮೊದಲ ಗಾಡಿಗಳ ಡಬ್ಬಿಗಳು ಮದರಾಸಿನ ಪೆರಂಬೂರಿನವು. ವಿದ್ಯುತ್ ಸಾಮಗ್ರಿ ಬೆಂಗಳೂರಿನ ಎನ್.ಜಿ.ಇ.ಎಫ್. ಕಾರ್ಖಾನೆಯದು. ಆ ಕಾಲದ ನೇರ ಪ್ರವಾಹದ ರೈಲುಗಳಲ್ಲಿ ಸಾಮಾನ್ಯವಾಗಿ ಮೋಟಾರಿನ ವೇಗವನ್ನು ನಿರೋಧಗಳಿಂದ ಹತೋಟಿಯಲ್ಲಿಡುತ್ತಿದ್ದರು. ಹೊರಡುವಾಗ ಶಕ್ತಿಯ ಒಂದು ಭಾಗ ಬರಿಯ ಬಿಸಿಯಾಗಿ ಹೋಗುತ್ತಿತ್ತು. ಹವಾನಿಯಂತ್ರಣವಿಲ್ಲದ ಆ ಹಳೆಯ ಗಾಡಿಗಳು 2021ರಲ್ಲಿ ನಿವೃತ್ತವಾದವು. ಅದಕ್ಕೆ ಮೊದಲೇ, 2020ರ ಫೆಬ್ರವರಿಯಲ್ಲಿ ಆರಂಭವಾದ ಪೂರ್ವ-ಪಶ್ಚಿಮ ಮಾರ್ಗಕ್ಕೆ ಬೆಂಗಳೂರಿನ ಬಿ.ಇ.ಎಂ.ಎಲ್. ಗಾಡಿಗಳು ಬಂದಿದ್ದವು. 2024ರಿಂದ ಹೂಗ್ಲಿ ನದಿಯ ಕೆಳಗೆ ಓಡುತ್ತಿರುವುವೂ ಇವೇ. ಇಂಥ ಗಾಡಿಗಳಲ್ಲಿ ಐ.ಜಿ.ಬಿ.ಟಿ.ಗಳು ನೇರ ಪ್ರವಾಹವನ್ನು ಮೂರು ಫೇಸಿನ ಪರ್ಯಾಯ ಪ್ರವಾಹವಾಗಿ ಮಾರ್ಪಡಿಸಿ ಮೋಟಾರನ್ನು ನಡೆಸುತ್ತವೆ. ತಡೆ ಹಾಕುವಾಗ ಶಕ್ತಿಯನ್ನು ಹಳಿಗೆ ಮರಳಿಸಲೂಬಲ್ಲವು.

750 ವೋಲ್ಟಿನ ಮಾರ್ಗಕ್ಕೆ ಸಾಮಾನ್ಯವಾಗಿ 1700 ವೋಲ್ಟಿನ ಐ.ಜಿ.ಬಿ.ಟಿ.ಗಳನ್ನು ಆರಿಸುವರು. ಇಮ್ಮಡಿಗೂ ಮಿಕ್ಕ ಈ ಅಂತರ ದುಂದಲ್ಲ. ಪ್ರವಾಹವನ್ನು ಥಟ್ಟನೆ ಕಡಿದಾಗ ಏಳುವ ವೋಲ್ಟೇಜಿನ ಅಲೆಗೂ ಮರಳಿ ಬರುವ ಶಕ್ತಿಯ ಏರಿಕೆಗೂ ಅದು ಎಡೆ. ಪ್ರವಾಹದಲ್ಲಿಯೂ ಹೀಗೆಯೇ. ಒಂದು ನಿಲ್ದಾಣದಿಂದ ಹೊರಟು ಇನ್ನೊಂದರಲ್ಲಿ ನಿಲ್ಲುವಷ್ಟರಲ್ಲಿ ಸಿಲಿಕಾನು ಒಮ್ಮೆ ಬಿಸಿಯಾಗಿ ಒಮ್ಮೆ ಆರುತ್ತದೆ. ಪ್ರತಿ ಸಲವೂ ತುಣುಕು, ಬೆಸುಗೆ, ತಂತಿಗಳು ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗಿ ಕುಗ್ಗುತ್ತವೆ. ಪರಮಾವಧಿಯನ್ನು ಒಮ್ಮೆಯೂ ಮೀರದಿದ್ದರೂ, ಲಕ್ಷಾಂತರ ಸಲದ ಈ ಎಳೆದಾಟದಿಂದಲೇ ತಂತಿ ಕಿತ್ತುಬರಬಹುದು. ಅಲ್ಲಿ ಎಣಿಸಬೇಕಾದುದು ಆಂಪಿಯರುಗಳನ್ನಷ್ಟೇ ಅಲ್ಲ, ವರ್ಷಗಳನ್ನು.

8. ಫಲಿತಾರ್ಥ

ಪ್ರವಾಹಮಿತಿಯು ಟ್ರಾನ್ಸಿಸ್ಟರಿನ ಹುಟ್ಟುಗುಣವಲ್ಲ. ಅದಕ್ಕೂ ಅದರ ಪರಿಸರಕ್ಕೂ ಆದ ಒಪ್ಪಂದ. ಅದನ್ನು ಓದುವವರು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಇವು: ಕವಚದ ಉಷ್ಣತೆ ಎಷ್ಟಿರುವಾಗಿನ ಅಂಕೆಯಿದು? ಆ ಪ್ರವಾಹದಲ್ಲಿ ವೋಲ್ಟೇಜಿನ ನಷ್ಟವೆಷ್ಟು? ಅಂಕೆಯನ್ನು ಗೊತ್ತುಪಡಿಸಿದುದು ಸಿಲಿಕಾನೋ ತಂತಿಯೋ? ಸೆಕೆಂಡಿಗೆ ಎಷ್ಟು ಸಲ ತೆರೆದು ಮುಚ್ಚಬೇಕು? ಎಷ್ಟು ವರ್ಷ ಬಾಳಬೇಕು? ಈ ಐದಕ್ಕೂ ಉತ್ತರವಿದ್ದರೆ ಹದಿನೈದು ಆಂಪಿಯರಿನ ಟ್ರಾನ್ಸಿಸ್ಟರನ್ನು ನಾಲ್ಕು ಆಂಪಿಯರಿನಲ್ಲಿ ದುಡಿಸುವುದು ಪುಕ್ಕಲುತನವಾಗಿ ಕಾಣದು. ಸುಟ್ಟ ಟ್ರಾನ್ಸಿಸ್ಟರನ್ನು ಹಿಡಿದು ಅಂಗಡಿಗೆ ಜಗಳಕ್ಕೆ ಹೊರಡುವ ಮುನ್ನ, ಅದು ಕುಳಿತಿದ್ದ ಫಲಕ ಎಷ್ಟು ಬಿಸಿಯಾಗಿತ್ತೆಂದು ನೋಡುವುದು ಒಳಿತು. ಫಲಕ ತಣ್ಣಗಿದ್ದು, ಪ್ರವಾಹವೂ ಮಿತಿಯೊಳಗಿದ್ದು ಸುಟ್ಟಿದ್ದರೆ, ಆಗ ಅಂಗಡಿಯವನನ್ನು ಕೇಳುವುದು ನ್ಯಾಯ.